ನಾಲ್ಕುನೂರರ ಮೇಲಿನ ನಂಬರು

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಮಗಳು ಊರಿಂದ ಬಂದು ಜೆ.ಪಿ. ನಗರದ ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದಳು. ಡಿಪ್ಲೊಮಾ ಮುಗಿಸಿದ್ದಳು. ಡಿಸಿಇಟಿ ಬರೆದು ಒಳ್ಳೆ ರ‍್ಯಾಂಕನ್ನೇ ತಗೊಂಡಿದ್ದಳು. ಬೆಂಗಳೂರಿನ ದೊಡ್ಡ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವ ಸಾಧ್ಯತೆ ಇತ್ತು. ಆದರೆ ಹುಡುಗಿಗೆ ಒಂದೇ ಹೆದರಿಕೆ. "ಲ್ಯಾಟ್ರಲ್‌ನವರು ಅಲ್ಲಿ ಮ್ಯಾಥ್ಸ್‌ನಲ್ಲಿ ಮುಳುಗಿ ಹೋಗ್ತಾರಂತೆ, ಕಂಪನಿಯವರೂ ಬೇರೆ ಥರ ನೋಡ್ತಾರಂತೆ" ಅಂತ ಯಾರೋ ತಲೆ ತುಂಬಿದ್ದರು. ಊರ ಹತ್ತಿರದ ಕಾಲೇಜೇ ಸಾಕು ಅನ್ನೋ ಲೆಕ್ಕದಲ್ಲಿದ್ದಳು.

ನಾನು ಅಣ್ಣನ ಗತ್ತಿನಲ್ಲಿ, "ಏನೂ ಆಗಲ್ಲ ಕಣಮ್ಮ, ನಾನೂ ಹಾಗೇ ಬಂದೋನಲ್ವಾ?" ಅಂದೆ.

ಅವಳು ಫೋನ್ ನೋಡುತ್ತಲೇ ಕೇಳಿದಳು: "ಹೌದಲ್ವಾ ಅಣ್ಣ? ಮತ್ತೆ ನಿನ್ನ ಲಿಂಕ್ಡ್‌ಇನ್‌ನಲ್ಲಿ ಡಿಪ್ಲೊಮಾನೇ ಇಲ್ವಲ್ಲ?"

"ಹಳೇದು ಕಣೇ, ಹಾಕಿಲ್ಲ ಅಷ್ಟೆ" ಅಂದೆ. ಎಸ್ಸೆಸ್ಸೆಲ್ಸಿ ಓದಿದ ನಮ್ಮೂರ ಹೈಸ್ಕೂಲು ಅದೇ ಪುಟದಲ್ಲಿ ಇತ್ತು. ಡಿಪ್ಲೊಮಾ ಅದಕ್ಕಿಂತ ಹಳೇದಾಗೋದು ಹೇಗೆ? ಅವಳು ಅದನ್ನೂ ನೋಡಿರಬೇಕು. ಮತ್ತೆ ಏನೂ ಕೇಳಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಎಂಜಿನಿಯರಿಂಗ್ ಕ್ಲಾಸಿಗೆ ಎರಡು ಬಾಗಿಲು. ಪಿಯುಸಿ ಮುಗಿಸಿ ಸಿಇಟಿ ಬರೆದು ಮೊದಲ ವರ್ಷಕ್ಕೆ ಬರೋದು ಮುಂಬಾಗಿಲು. ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷ ಪಾಲಿಟೆಕ್ನಿಕ್‌ನಲ್ಲಿ ಓದಿ, ಆಮೇಲೆ ಸೀದಾ ಮೂರನೇ ಸೆಮಿಸ್ಟರ್‌ಗೆ ಸೇರೋದು ಪಕ್ಕದ ಬಾಗಿಲು. ಅದಕ್ಕೇ ಲ್ಯಾಟರಲ್ ಎಂಟ್ರಿ ಅಂತ ಹೆಸರು. ಲೆಕ್ಕ ಹಾಕಿ ನೋಡಿ: ಎರಡು ವರ್ಷ ಪಿಯುಸಿ, ನಾಲ್ಕು ವರ್ಷ ಬಿ.ಇ., ಒಟ್ಟು ಆರು. ಮೂರು ವರ್ಷ ಡಿಪ್ಲೊಮಾ, ಮೂರು ವರ್ಷ ಬಿ.ಇ., ಅದೂ ಆರು. ಯಾರೂ ತಡವಾಗಿ ಬಂದಿಲ್ಲ. ಆದರೂ ಕ್ಲಾಸಿಗೆ ಕಾಲಿಟ್ಟ ದಿನ ತಡವಾಗಿ ಬಂದ ಹಾಗೇ ಅನ್ನಿಸುತ್ತೆ.

ನಾನು ದಕ್ಷಿಣ ಬೆಂಗಳೂರಿನ ಒಂದು ಕಾಲೇಜಿಗೆ ಹೀಗೆ ಬಂದಿದ್ದು 2010ರಲ್ಲಿ. ಅಷ್ಟರಲ್ಲಿ ಉಳಿದವರು ಒಂದು ವರ್ಷ ಜೊತೆಗೆ ಓದಿ ಬೆಂಚು, ಗುಂಪು, ಅಡ್ಡಹೆಸರು ಎಲ್ಲ ಹಂಚಿಕೊಂಡಾಗಿತ್ತು. ಮೊದಲ ದಿನ ಪಕ್ಕದವನು ಕೇಳಿದ: "ನೀನು ಪಿ ಸೈಕಲ್ಲಾ, ಸಿ ಸೈಕಲ್ಲಾ?" ಮೊದಲ ವರ್ಷವನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಎರಡು ಪಾಲು ಮಾಡ್ತಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದ ಸೈಕಲ್ ಅಂದ್ರೆ ಊರಲ್ಲಿದ್ದ ಅಪ್ಪನ ಅಟ್ಲಾಸ್ ಒಂದೇ. ಅವನೇ ನನ್ನ ಯುಎಸ್‌ಎನ್ ನೋಡಿ "ಓ, ಡಿಪ್ನಾ?" ಅಂದ. ವಿಟಿಯುನಲ್ಲಿ ಓದಿದವರಿಗೆ ಇದು ಗೊತ್ತು. ಲ್ಯಾಟರಲ್ ಹುಡುಗರ ರೋಲ್ ನಂಬರು 400ರಿಂದ ಶುರುವಾಗುತ್ತೆ. ಹಾಲ್ ಟಿಕೆಟ್ಟು, ಲ್ಯಾಬ್ ರೆಕಾರ್ಡು, ಮಾರ್ಕ್ಸ್ ಕಾರ್ಡು, ಎಲ್ಲೆಲ್ಲೂ ಆ ನಾಲ್ಕು ಎದ್ದು ಕಾಣುತ್ತೆ.

ಲ್ಯಾಬಿನಲ್ಲಿ ನಾವು ರಾಜರು. ಟ್ರೇನರ್ ಕಿಟ್ ಮೇಲೆ ವೈರ್ ಹಾಕೋದು, ಕೆಟ್ಟ ಐಸಿ ಯಾವುದು ಅಂತ ಹುಡುಕೋದು ನಮಗೆ ಕೈ ಅಭ್ಯಾಸ. ಗಣಿತ ಬಂತು ಅಂದ್ರೆ ಕಥೆ ಉಲ್ಟಾ. ಪಿಯುಸಿಯಲ್ಲೂ ಮೊದಲ ವರ್ಷದ ಬಿ.ಇ.ಯಲ್ಲೂ ಉಳಿದವರು ಕಲಿತಿದ್ದ ಕ್ಯಾಲ್ಕ್ಯುಲಸ್ ನಮ್ಮ ಹತ್ತಿರ ಅರ್ಧಂಬರ್ಧ ಇತ್ತು. ಆ ಕೊರತೆ ತುಂಬೋಕೆ ಅಂತಲೇ ವಿಟಿಯು ನಮಗೆ ಇನ್ನೊಂದು ಗಣಿತದ ಪೇಪರ್ ಇಟ್ಟಿತ್ತು, ಮ್ಯಾಟ್‌ಡಿಪ್ ಅಂತ. ಅಂದ್ರೆ ಗಣಿತ ಕಮ್ಮಿ ಗೊತ್ತಿದ್ದವರಿಗೆ ಒಂದೇ ಸೆಮಿಸ್ಟರ್‌ನಲ್ಲಿ ಎರಡು ಗಣಿತ! ಅವೆನ್ಯೂ ರೋಡಿನಲ್ಲಿ ಹಳೇ ಗ್ರೇವಾಲ್ ಪುಸ್ತಕ ಕೊಂಡು, ಕತ್ರಿಗುಪ್ಪೆಯ ರೂಮಿನಲ್ಲಿ ರಾತ್ರಿಯೆಲ್ಲ ಕೂತರೂ ಮೂರನೇ ಸೆಮಿಸ್ಟರ್ ಗಣಿತದಲ್ಲಿ ನನಗೆ ಬ್ಯಾಕ್ ಬಂತು. ಅಪ್ಪನಿಗೆ ಹೇಳಲಿಲ್ಲ. ಮುಂದಿನ ಸಲ ಪಾಸಾದೆ. ಅದನ್ನೂ ಹೇಳಲಿಲ್ಲ.

ಕೆಲಸ ಸಿಕ್ಕಿತು, ಹದಿಮೂರು ವರ್ಷ ಕಳೆಯಿತು. ಆ ನಾಲ್ಕುನೂರರ ನಂಬರನ್ನು ಮಾತ್ರ ನಾನು ಮೆಲ್ಲಗೆ ಅಳಿಸುತ್ತಾ ಬಂದಿದ್ದೆ. ತಂಗಿ ಅದನ್ನು ಒಂದೇ ಪ್ರಶ್ನೆಯಲ್ಲಿ ಹಿಡಿದಳು.

ಮರುದಿನ ಶನಿವಾರ. "ನಡಿ, ಒಂದು ಕಡೆ ಹೋಗಿ ಬರೋಣ" ಅಂತ ಬನಶಂಕರಿಯಲ್ಲಿ ಹಸಿರು ಮೆಟ್ರೋ ಹತ್ತಿಸಿದೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ವಿಧಾನಸೌಧದ ಕಡೆ ಮುಂದಿನ ನಿಲ್ದಾಣದಲ್ಲಿ ಇಳಿದೆವು. ಆ ನಿಲ್ದಾಣದ ಹೆಸರು ಗಮನಿಸಿದ್ದೀರಾ? ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು. ನಾವು ದಿನಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ದಾಟಿ ಹೋಗುವ ಈ ಹೆಸರಿನಲ್ಲಿ ನಮ್ಮಂಥವರ ಚರಿತ್ರೆ ಇದೆ.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಎಂಜಿನಿಯರ್ ಆಗಲೆಂದು ಕಾಲೇಜು ಸೇರಿದವರಲ್ಲ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಹುಡುಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಓದಿ, ಬೆಂಗಳೂರಿನಲ್ಲಿದ್ದ ಸೋದರಮಾವನ ಆಸರೆಯಲ್ಲಿ ವೆಸ್ಲಿಯನ್ ಮಿಷನ್ ಹೈಸ್ಕೂಲು, ಆಮೇಲೆ ಇದೇ ಸೆಂಟ್ರಲ್ ಕಾಲೇಜು. ಆಗ ಈ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಊಟ ವಸತಿಗಾಗಿ ಒಬ್ಬ ಅಧಿಕಾರಿಯ ಮನೆಯ ಮಕ್ಕಳಿಗೆ ಪಾಠ ಹೇಳುತ್ತಾ ಓದಿ, 1881ರಲ್ಲಿ ಬಿ.ಎ. ಮುಗಿಸಿದರು. ಗಮನಿಸಿ, ಬಿ.ಎ. ಅಷ್ಟಕ್ಕೇ ನಿಂತಿದ್ದರೆ ಮೇಷ್ಟರೋ, ಅಮಲ್ದಾರರೋ ಆಗಿ ಗೌರವದಿಂದ ನಿವೃತ್ತರಾಗಬಹುದಿತ್ತು.

ಅದೇ 1881ರ ಮಾರ್ಚಿನಲ್ಲಿ ಮೈಸೂರಿನಲ್ಲಿ ಐವತ್ತು ವರ್ಷದ ಬ್ರಿಟಿಷರ ನೇರ ಆಡಳಿತ ಮುಗಿದು ಒಡೆಯರಿಗೆ ರಾಜ್ಯ ಮರಳಿತ್ತು. ರಂಗಾಚಾರ್ಲು ದಿವಾನರಾಗಿದ್ದರು. ಆಗ ರಾಜ್ಯದಲ್ಲಿ ಎಂಜಿನಿಯರಿಂಗ್ ಕಾಲೇಜು ಅನ್ನೋದು ಒಂದೂ ಇರಲಿಲ್ಲ. ಕಲಿಯಬೇಕೆಂದರೆ ಹೊರಗೆ ಹೋಗಬೇಕು, ಹೋಗೋಕೆ ದುಡ್ಡು ಬೇಕು. ಮೈಸೂರು ಸರ್ಕಾರ ಈ ಬಿ.ಎ. ಹುಡುಗನಿಗೆ ವಿದ್ಯಾರ್ಥಿವೇತನ ಕೊಟ್ಟು ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಕಳಿಸಿತು. 1883ರಲ್ಲಿ ಅವರು ಬೊಂಬಾಯಿ ಪ್ರಾಂತ್ಯದಲ್ಲೇ ಮೊದಲಿಗರಾಗಿ ಎಲ್‌ಸಿಇ ಪಾಸಾದರು. 1884ರಲ್ಲಿ ಅಲ್ಲಿನ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್.

ಮುಂದಿನದು ನಿಮಗೆ ಗೊತ್ತಿರೋದೇ. ಕನ್ನಂಬಾಡಿ ಕಥೆಯನ್ನು ಮತ್ತೆ ಹೇಳಲ್ಲ. ನಾನು ಹಿಡಿದಿರೋದು ಈ ಒಂದು ತಿರುವನ್ನು ಮಾತ್ರ. ಅವರದು ಇವತ್ತಿನ ಅರ್ಥದ ಲ್ಯಾಟರಲ್ ಎಂಟ್ರಿ ಅಲ್ಲ, ನಿಜ. ಮೂರನೇ ಸೆಮಿಸ್ಟರ್, ರ‍್ಯಾಂಕ್ ಪಟ್ಟಿ ಏನೂ ಇರಲಿಲ್ಲ. ಆದರೆ ಒಂದು ದಾರಿಯಲ್ಲಿ ಕಾಲೇಜು ಓದು ಶುರುಮಾಡಿ, ಆಮೇಲೆ ಮಗ್ಗುಲಿಗೆ ತಿರುಗಿ, ಸ್ಪರ್ಧೆ ಇದ್ದ ಎಂಜಿನಿಯರಿಂಗ್ ಕೋರ್ಸಿಗೆ ಹೊರಗಿನಿಂದ ಬಂದು ಸೇರಿದವರು ಅವರು. ಆ ತಿರುವು ಅವರ ಬುದ್ಧಿವಂತಿಕೆ ಒಂದರಿಂದಲೇ ಆಗಿದ್ದಲ್ಲ. ಸೋದರಮಾವನ ಮನೆ, ಪಾಠ ಹೇಳುವ ಕೆಲಸ, ಸರ್ಕಾರದ ವಿದ್ಯಾರ್ಥಿವೇತನ, ಮೂರೂ ಬೇಕಾಯಿತು.

ಇದನ್ನು ಅವರು ಮರೆಯಲಿಲ್ಲ ಅಂತ ನನಗೆ ಅನ್ನಿಸುವುದು ಕೆ.ಆರ್. ವೃತ್ತದಲ್ಲಿ ನಿಂತಾಗ. ನಿಲ್ದಾಣದಿಂದ ಅಲ್ಲಿಗೆ ನಡೆದೇ ಹೋದೆವು. ಒಂದು ಕಡೆ ಯುವಿಸಿಇ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಮೈಸೂರು ವಿಶ್ವವಿದ್ಯಾಲಯ ಶುರುವಾದ ಮರುವರ್ಷ, 1917ರಲ್ಲಿ ಹುಟ್ಟಿದ ಎಂಜಿನಿಯರಿಂಗ್ ಕಾಲೇಜು ಇದು. ಮೈಸೂರು ರಾಜ್ಯದಲ್ಲಿ ಇದೇ ಮೊದಲನೆಯದು. ಇನ್ನು ಮುಂದೆ ನಮ್ಮ ಹುಡುಗರು ಪುಣೆಗೋ ಮದ್ರಾಸಿಗೋ ಹೋಗಲೇಬೇಕಾಗಿಲ್ಲ ಅಂತಾಯಿತು.

ಇನ್ನೊಂದು ಕಟ್ಟಡ ಅಲ್ಲಿಂದ ಕೂಗಳತೆ ದೂರ. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್, ಎಲ್ಲರ ಬಾಯಲ್ಲಿ ಎಸ್‌ಜೆಪಿ. ಇದರ ಕಥೆ ಗೊತ್ತಿರುವವರು ಕಮ್ಮಿ. ದಿವಾನಗಿರಿ ಬಿಟ್ಟ ಎಷ್ಟೋ ವರ್ಷದ ಮೇಲೆ ವಿಶ್ವೇಶ್ವರಯ್ಯ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತಿದ್ದರು. ಆ ಕೆಲಸಕ್ಕೆ ಅವರಿಗೆ ಸರ್ಕಾರದಿಂದ ಬರಬೇಕಿದ್ದ ಸಂಭಾವನೆ ದೊಡ್ಡ ಮೊತ್ತವಾಗಿ ಬೆಳೆದಿತ್ತು. ಅದನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಿ ಅಂದರು. 1943ರಲ್ಲಿ ಮಹಾರಾಜರ ಹೆಸರಿನಲ್ಲಿ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಅದೇ ಇವತ್ತಿನ ಪಾಲಿಟೆಕ್ನಿಕ್.

ನಾನು ತಂಗಿಗೆ ಇಷ್ಟು ಹೇಳಿದೆ: "ನೋಡು, ಡಿಗ್ರಿ ಕಾಲೇಜು ಕಟ್ಟಿಸಿದ್ದು ಸರ್ಕಾರದ ದುಡ್ಡಿಂದ. ಡಿಪ್ಲೊಮಾ ಸಂಸ್ಥೆಗೆ ಕೊಟ್ಟಿದ್ದು ತಮ್ಮ ದುಡಿಮೆ ದುಡ್ಡು."

ಅವಳು ಎಸ್‌ಜೆಪಿ ಗೇಟಿನ ಫೋಟೋ ತೆಗೆದಳು.

ಈ ಎರಡು ಕಟ್ಟಡಗಳ ನಡುವಿನ ದೂರ ಬಹಳ ಕಮ್ಮಿ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟೋದು ಬಹಳ ಕಾಲ ಸುಲಭವಿರಲಿಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರು ಕಾರ್ಖಾನೆಗಳ ಊರಾಯಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಡಿಪ್ಲೊಮಾ ಮಾಡಿದವರಿಗೆ ಅಲ್ಲಿ ಕೆಲಸವೇನೋ ಸಿಕ್ಕಿತು. ಡಿಗ್ರಿ ಬೇಕು ಅಂದವರು ಹಗಲು ಫ್ಯಾಕ್ಟರಿಯಲ್ಲಿ ದುಡಿದು ಯುವಿಸಿಇಯ ಸಂಜೆ ಬಿ.ಇ. ಕ್ಲಾಸಿಗೆ ಬಂದು ಕೂರುತ್ತಿದ್ದರು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ನಿವೃತ್ತ ಅಂಕಲ್ ಯಾರಾದರೂ ಬಿಇಎಲ್‌ನಲ್ಲಿ ಇದ್ದವರು ಸಿಕ್ಕರೆ ಕೇಳಿ ನೋಡಿ. ಒಬ್ಬರಾದರೂ ಆ ಸಂಜೆ ಕ್ಲಾಸಿನ ಮಾತು ತೆಗೆಯುತ್ತಾರೆ.

ಪಕ್ಕದಿಂದ ಬಂದವರ ಪಟ್ಟಿಯಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಹುಟ್ಟಿದ್ದು 1922ರಲ್ಲಿ, ನಂಜನಗೂಡಿನಲ್ಲಿ. ಅವರೂ ಓದಿದ್ದು ಇದೇ ಸೆಂಟ್ರಲ್ ಕಾಲೇಜಿನಲ್ಲಿ, ಅದೂ ಗಣಿತ, ಎಂ.ಎಸ್ಸಿ.ವರೆಗೆ. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ವಿಭಾಗ ಸೇರಿದರು. ಆಮೇಲೆ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಮಾಡಿ, 1953ರಲ್ಲಿ ಅದೇ ವಿಜ್ಞಾನ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಮೈಕ್ರೋವೇವ್, ಆಂಟೆನಾ ಅವರ ಕ್ಷೇತ್ರ. ಪಕ್ಕದ ರಾಜ್ಯದಲ್ಲಿ ಅಬ್ದುಲ್ ಕಲಾಂ ಕೂಡ ಹಾಗೇ. ತಿರುಚಿರಾಪಳ್ಳಿಯಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ಮದ್ರಾಸಿನಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್ ಸೇರಿದವರು. ಆ ತಲೆಮಾರಿಗೆ ಮೊದಲು ಒಂದು ಓದಿ ಆಮೇಲೆ ಎಂಜಿನಿಯರ್ ಆಗೋದು ವಿಚಿತ್ರ ಅನ್ನಿಸಿರಲಿಲ್ಲ.

ಹಾಗಾದರೆ ನಮಗೆ ಯಾಕೆ ವಿಚಿತ್ರ ಅನ್ನಿಸಿತು? ನನ್ನ ಊಹೆ, ನಡುವೆ ಸೀಟು ಅನ್ನೋದು ಬಂತು.

ದಕ್ಷಿಣ ಬೆಂಗಳೂರಿನ ನಕ್ಷೆಯಲ್ಲೇ ಇದನ್ನು ಓದಬಹುದು. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯ ಖಾಸಗಿ ಎಂಜಿನಿಯರಿಂಗ್ ಕಾಲೇಜು ತೆರೆದರು, ಅದೇ ಬಸವನಗುಡಿಯ ಬಿಎಂಎಸ್. 1963ರಲ್ಲಿ ಆರ್‌ವಿ. 1979ರಲ್ಲಿ ವಿ.ವಿ. ಪುರಂನ ಬಿಐಟಿ, ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ. 1988ರಲ್ಲಿ ಬನಶಂಕರಿ ಕಡೆ ಪಿಇಎಸ್. ಊರು ದಕ್ಷಿಣಕ್ಕೆ ಹಬ್ಬಿದ ಹಾಗೆ ಕಾಲೇಜುಗಳೂ ಬಂದವು. ಅದರ ಜೊತೆಗೆ ರಾಜ್ಯದಲ್ಲೆಲ್ಲ ಡೊನೇಷನ್ ಅನ್ನೋ ಪದವೂ ಮನೆಮಾತಾಯಿತು. 1984ರಲ್ಲಿ ಸರ್ಕಾರ ಕ್ಯಾಪಿಟೇಷನ್ ನಿಷೇಧದ ಕಾನೂನು ಮಾಡಿತು. 1992ರಲ್ಲಿ ಸುಪ್ರೀಂ ಕೋರ್ಟು ಮೋಹಿನಿ ಜೈನ್ ಪ್ರಕರಣದಲ್ಲಿ ಕ್ಯಾಪಿಟೇಷನ್ ಶುಲ್ಕ ಕಾನೂನುಬಾಹಿರ ಅಂದಿತು. ಆ ಕೇಸು ಹುಟ್ಟಿದ್ದು ನಮ್ಮ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ವರ್ಷಕ್ಕೆ 60,000 ರೂಪಾಯಿ ಶುಲ್ಕದಿಂದ. 1993ರ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜಿನ ಸೀಟುಗಳನ್ನು ಫ್ರೀ ಸೀಟು, ಪೇಮೆಂಟ್ ಸೀಟು ಅಂತ ಅರ್ಧರ್ಧ ಮಾಡಿತು. ಅದರ ಬೆನ್ನಿಗೇ 1994ರಲ್ಲಿ ನಮ್ಮ ಸಿಇಟಿ.

ಸಿಇಟಿಯಿಂದ ನನ್ನಂಥ ಹಳ್ಳಿ ಹುಡುಗರಿಗೆ ಆದ ಉಪಕಾರ ಸಣ್ಣದಲ್ಲ. ದುಡ್ಡಿದ್ದವರ ಕೈಯಿಂದ ಸೀಟನ್ನು ತೆಗೆದು ರ‍್ಯಾಂಕಿನ ಕೈಗೆ ಕೊಟ್ಟಿತು. ಆದರೆ ಅದರ ಜೊತೆಗೆ ಇನ್ನೊಂದು ನಂಬಿಕೆಯೂ ಬೇರು ಬಿಟ್ಟಿತು. ಹದಿನೇಳನೇ ವಯಸ್ಸಿನಲ್ಲಿ, ಒಂದೆರಡು ದಿನದಲ್ಲಿ, ನಮ್ಮ ಜಾತಕ ಬರೆದಾಯಿತು ಅನ್ನೋ ನಂಬಿಕೆ. ಆ ದಿನ ತಪ್ಪಿಸಿಕೊಂಡವನು ಜೀವನಪೂರ್ತಿ ತಡವಾಗಿ ಬಂದವನು.

ಪಕ್ಕದ ಬಾಗಿಲಿಗೆ ಅನುಕೂಲವಾಗಿದ್ದು 1998ರಲ್ಲಿ. ಆವರೆಗೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಬೆಂಗಳೂರು, ಮೈಸೂರು, ಕರ್ನಾಟಕ, ಗುಲ್ಬರ್ಗ, ಹೀಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋಗಿದ್ದವು. ಸಿಲಬಸ್ ಬೇರೆ, ಪರೀಕ್ಷೆ ಬೇರೆ. ಬೆಳಗಾವಿಯಲ್ಲಿ ವಿಟಿಯು ಶುರುವಾದಮೇಲೆ ಬೀದರ್‌ನಲ್ಲೂ ಬನಶಂಕರಿಯಲ್ಲೂ ಮೂರನೇ ಸೆಮಿಸ್ಟರ್ ಅಂದ್ರೆ ಒಂದೇ ಸಿಲಬಸ್, ಒಂದೇ ಪ್ರಶ್ನೆಪತ್ರಿಕೆ ಅಂತಾಯಿತು. ನಾವು ವಿಟಿಯುಗೆ ಎಷ್ಟು ಬೈದಿದ್ದೀವೋ ಲೆಕ್ಕವಿಲ್ಲ. ಆದರೆ ಸಾಫ್ಟ್‌ವೇರ್‌ನವರ ಭಾಷೆಯಲ್ಲಿ ಹೇಳೋದಾದರೆ, ಅದು ಎಲ್ಲರಿಗೂ ಒಂದೇ ಇಂಟರ್‌ಫೇಸ್ ಕೊಟ್ಟಿತು. ಕಾಲೇಜು ಬದಲಾಯಿಸೋದು, ಎರಡನೇ ವರ್ಷಕ್ಕೆ ಬ್ರಾಂಚ್ ಬದಲಾಯಿಸೋದು, ಡಿಪ್ಲೊಮಾದಿಂದ ಮೂರನೇ ಸೆಮಿಸ್ಟರ್‌ಗೆ ಬಂದು ಕೂಡಿಕೊಳ್ಳೋದು, ಇದಕ್ಕೆಲ್ಲ ಆ ಏಕರೂಪವೇ ಆಧಾರ. ಮಂಜೂರಾದ ಸೀಟಿನ ಮೇಲೆ ಲ್ಯಾಟರಲ್‌ಗೆ ಅಂತ ಒಂದು ಪಾಲು, ಮೊದಲ ವರ್ಷ ಖಾಲಿ ಉಳಿದ ಸೀಟುಗಳು, ಇವಿಷ್ಟರ ಮೇಲೆ ಸಾವಿರಾರು ಪಾಲಿಟೆಕ್ನಿಕ್ ಮಕ್ಕಳು ಡಿಗ್ರಿ ತೆಗೆದುಕೊಂಡರು. ನಾನೂ ಅವರಲ್ಲಿ ಒಬ್ಬ.

ಬೇರೆ ದೇಶದಲ್ಲಿ ಇದನ್ನು ಹೇಗೆ ನೋಡ್ತಾರೆ ಅನ್ನೋದು ನನಗೆ ಗೊತ್ತಾಗಿದ್ದು ಆಫೀಸಿನಲ್ಲಿ. ನಮ್ಮ ಟೀಮಿನ ಹಿರಿಯ ಎಂಜಿನಿಯರ್ ಒಬ್ಬರು ಕ್ಯಾಲಿಫೋರ್ನಿಯಾದವರು. ಕಾಲ್ ಶುರುವಾಗೋ ಮುಂಚೆ ಹರಟುತ್ತಾ, ತಾನು ಮೊದಲ ಎರಡು ವರ್ಷ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಆಮೇಲೆ ದೊಡ್ಡ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ವರ್ಗ ಆದೆ ಅಂದರು, ನಾವು ಊಟ ಆಯ್ತು ಅಂತೀವಲ್ಲ ಅಷ್ಟು ಸಹಜವಾಗಿ. ಅವರ ರಾಜ್ಯದಲ್ಲಿ 1960ರಲ್ಲೇ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಿ, ಈ ದಾರಿಯನ್ನು ಅದರ ಭಾಗವಾಗಿಯೇ ಇಟ್ಟಿದ್ದಾರೆ. ಅವತ್ತು "ನಾನೂ ಹಾಗೇ" ಅನ್ನೋ ಮಾತು ಬಾಯಿಗೆ ಬಂತು. ಮ್ಯೂಟ್‌ನಲ್ಲಿದ್ದೆ. ಅನ್‌ಮ್ಯೂಟ್ ಮಾಡಲಿಲ್ಲ.

ಈಗ 2020ರ ಶಿಕ್ಷಣ ನೀತಿಯಲ್ಲಿ ಕ್ರೆಡಿಟ್ ಬ್ಯಾಂಕು, ಓದಿನ ನಡುವೆ ಹೊರಗೆ ಹೋಗಿ ಮತ್ತೆ ಒಳಗೆ ಬರುವ ಅವಕಾಶ, ಇವೆಲ್ಲ ಕಾಗದದ ಮೇಲಿವೆ. ಒಳ್ಳೆಯದೇ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಸಾಲದು ಅಂತ ನನ್ನ ಮೂರನೇ ಸೆಮಿಸ್ಟರ್ ಹೇಳುತ್ತೆ. ಒಳಗೆ ಬಂದವನಿಗೆ ಗಣಿತದ ಕೊರತೆ ತುಂಬಿಸಿಕೊಳ್ಳೋಕೆ ನಿಜವಾದ ಸಹಾಯ ಬೇಕು, ಇನ್ನೊಂದು ಪರೀಕ್ಷೆ ಇಟ್ಟರೆ ಅದು ಸಹಾಯವಾಗಲ್ಲ. ಪಕ್ಕದ ಬೆಂಚಿನವನು "ಡಿಪ್ನಾ?" ಅಂತ ಕೇಳೋ ಬದಲು ಜರುಗಿ ಜಾಗ ಕೊಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಆ ದಾರಿಯಲ್ಲಿ ಮೊದಲು ಬಂದವರು ಕಣ್ಣಿಗೆ ಬೀಳಬೇಕು. ಹಿಂದೆ ಬರೋವಳು ನಮ್ಮ ಹೆಸರು ಹುಡುಕಿ, ಆ ಸಾಲೇ ಇಲ್ಲದ್ದು ನೋಡಿದರೆ ಅವಳಿಗೆ ಏನು ಅರ್ಥವಾಗಬೇಕು ಹೇಳಿ? ಇದು ಮುಚ್ಚಿಡುವಂಥದ್ದು ಅಂತಲೇ ತಾನೇ?

ಅವತ್ತು ಕೆ.ಆರ್. ವೃತ್ತದಿಂದ ವಾಪಸ್ ಬರುವಾಗ ಜಯನಗರದಲ್ಲಿ ಇಳಿದು ನಾಲ್ಕನೇ ಬ್ಲಾಕಿನ ಕಡೆ ಹೋಗಿ ದೋಸೆ ತಿಂದೆವು. ಅಲ್ಲಿ ಕೂತೇ ತಂಗಿ ಕೇಳಿದಳು: "ಅಣ್ಣ, ನಿಜ ಹೇಳು, ಮ್ಯಾಥ್ಸ್ ತುಂಬಾ ಕಷ್ಟ ಆಯ್ತಾ?"

"ಬ್ಯಾಕ್ ಬಂದಿತ್ತು ಕಣೇ. ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ."

ಅವಳು ನಕ್ಕಳು. ಊರಿಂದ ಬಂದಮೇಲೆ ಅವಳು ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು. ನನ್ನ ಮೂರು ದಿನದ ಉಪದೇಶಕ್ಕಿಂತ ಆ ಒಂದು ಬ್ಯಾಕ್ ಅವಳಿಗೆ ಹೆಚ್ಚು ಧೈರ್ಯ ಕೊಟ್ಟಿತು ಅಂತ ಕಾಣುತ್ತೆ. ರಾತ್ರಿ ಆಪ್ಷನ್ ಎಂಟ್ರಿಯಲ್ಲಿ ಬೆಂಗಳೂರಿನ ಕಾಲೇಜುಗಳನ್ನು ಮೇಲಕ್ಕೆ ತಂದಳು. ನಾನು ಅದೇ ಟೇಬಲ್ಲಿನ ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದು, ಹೈಸ್ಕೂಲಿಗೂ ಬಿ.ಇ.ಗೂ ನಡುವೆ ಒಂದು ಸಾಲು ಸೇರಿಸಿದೆ. ಟೈಪ್ ಮಾಡೋಕೆ ಒಂದು ನಿಮಿಷವೂ ಬೇಕಾಗಲಿಲ್ಲ.

ಅವಳಿಗೆ ಸೀಟು ಸಿಕ್ಕಿತು. ಅವಳದೂ ನಾಲ್ಕುನೂರರ ಮೇಲಿನ ನಂಬರೇ. ಈಗ ಶನಿವಾರ ಬೆಳಿಗ್ಗೆ ಗಣಿತ ಹೇಳಿಸಿಕೊಳ್ಳೋಕೆ ನಮ್ಮ ಮನೆಗೆ ಬರ್ತಾಳೆ. ನನಗೆ ಇಂಟಿಗ್ರೇಷನ್ ಪೂರ್ತಿ ಮರೆತುಹೋಗಿದೆ. ಅದಕ್ಕೆ ಶುಕ್ರವಾರ ರಾತ್ರಿ ನಾನು ಮೊದಲು ಓದಿಕೊಳ್ತೀನಿ, ಅದೇ ಹಳೇ ಗ್ರೇವಾಲ್ ಪುಸ್ತಕದಲ್ಲಿ.